ಒಂದೇ ನಾಟಿಯಲ್ಲದ ಗುಚ್ಛ: ಒಮೆಗಾ ಸೆಂಟಾರಿಯ ಪ್ರಕರಣ

ಮೇ ತಿಂಗಳ ಅಮಾವಾಸ್ಯೆಗೆ ಎರಡು ದಿನ ಮುಂಚೆ ನಾವು ಒಂಬತ್ತು ಜನ ಮಳವಳ್ಳಿ ತಾಲ್ಲೂಕಿನ ಒಂದು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತಿದ್ದೆವು. ನಾನು ಮಂಡ್ಯದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗಿದ್ದವರು ಏಳು ಜನ ಬಿ.ಎಸ್ಸಿ. ವಿದ್ಯಾರ್ಥಿಗಳು, ಮತ್ತು ಆ ಗದ್ದೆಯ ಯಜಮಾನರು. ಅವರ ಮಗಳೂ ಆ ಏಳು ಜನರಲ್ಲಿ ಒಬ್ಬಳು.

ಮೇಲುಕೋಟೆ ಬೆಟ್ಟ ಬಿಟ್ಟು ಇಲ್ಲಿಗೆ ಬಂದದ್ದಕ್ಕೆ ಕಾರಣವಿದೆ. ನಮಗೆ ಬೇಕಿದ್ದದ್ದು ದಕ್ಷಿಣದ ಆಕಾಶ. ಮೇಲುಕೋಟೆಯಿಂದ ದಕ್ಷಿಣಕ್ಕೆ ನೋಡಿದರೆ ಮೈಸೂರಿನ ದೀಪದ ಮಂಜು ಅಡ್ಡ ಬರುತ್ತದೆ. ಮಳವಳ್ಳಿ ಕಡೆಯಿಂದ ಮೈಸೂರು ಪಶ್ಚಿಮಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಕೊಳ್ಳೇಗಾಲ, ಅದರಾಚೆ ಬಿಳಿಗಿರಿ ರಂಗನ ಬೆಟ್ಟದ ಕಾಡು. ಪಂಪ್‌ಹೌಸಿನ ಬಲ್ಬ್ ಆರಿಸಿ ಕಾಲು ಗಂಟೆ ಸುಮ್ನೆ ಕೂತೆವು. ಕಣ್ಣು ಕತ್ತಲಿಗೆ ಒಗ್ಗಬೇಕಲ್ಲ.

ಹತ್ತು ಗಂಟೆ ದಾಟಿದ ಮೇಲೆ ಚಿತ್ತಾ ನಕ್ಷತ್ರ ದಕ್ಷಿಣಕ್ಕೆ ನೇರವಾಗಿ, ನೆತ್ತಿಯಿಂದ ಸ್ವಲ್ಪ ಕೆಳಗೆ ನಿಂತಿತ್ತು. ಅಲ್ಲಿಂದ ನೇರ ಕೆಳಗೆ ಇಳಿಯಬೇಕು. ಕೈ ಉದ್ದಕ್ಕೆ ಚಾಚಿ ಮುಷ್ಟಿ ಕಟ್ಟಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಮೂರು ಮುಷ್ಟಿ ಮೇಲೆ, ಚಿತ್ತಾದ ಕೆಳಗೆ, ಬರಿಗಣ್ಣಿಗೆ ಒಂದು ಮಸುಕು ಚುಕ್ಕೆ. ನಕ್ಷತ್ರದ ಹಾಗೆ ಚೂಪಾಗಿಲ್ಲ, ಉಸಿರು ಬಿಟ್ಟ ಗಾಜಿನ ಹಾಗಿದೆ. ಬೈನಾಕ್ಯುಲರ್ ಹಿಡಿದರೆ ಗುಂಡಗಿನ ಹತ್ತಿ ಉಂಡೆ. ನಮ್ಮ ಎಂಟಿಂಚಿನ ಟೆಲಿಸ್ಕೋಪಿನಲ್ಲಿ ಆ ಉಂಡೆಯ ಅಂಚು ಒಡೆದು ಸಕ್ಕರೆ ಚೆಲ್ಲಿದ ಹಾಗೆ ಸಾವಿರಾರು ಚುಕ್ಕೆಗಳು. ಇದು ಒಮೆಗಾ ಸೆಂಟಾರಿ. ಸುಮಾರು ಒಂದು ಕೋಟಿ ನಕ್ಷತ್ರ, ದೂರ ಸುಮಾರು 17,000 ಜ್ಯೋತಿರ್ವರ್ಷ.

ಯಜಮಾನರು ಜಾಸ್ತಿ ಹೊತ್ತು ನೋಡಿದರು. ಆಮೇಲೆ ಕಣ್ಣು ತೆಗೆಯದೆಯೇ ಕೇಳಿದರು: "ಇವೆಲ್ಲ ಒಂದೇ ನಾಟೀನಾ ಮೇಷ್ಟ್ರೇ, ಇಲ್ಲ ಕೂಳೇನೂ ಸೇರ್ಕೊಂಡಿದೆಯಾ?"

ಕೂಳೆ ಎಂದರೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುವ ಬೆಳೆ. ಈ ಗುಚ್ಛದ ಬಗ್ಗೆ ಖಗೋಳ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೇಳುತ್ತಾ ಬಂದಿರುವ ಪ್ರಶ್ನೆ ಇದೇ. ಆ ರಾತ್ರಿ ಹೇಳಿದ್ದನ್ನು, ಆಮೇಲೆ ತರಗತಿಯಲ್ಲಿ ಮೂರು ವಾರ ಕೂತು ಬಿಡಿಸಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಒಂದೇ ನಾಟಿ ಎಂದುಕೊಂಡದ್ದು ಯಾಕೆ

ಈ ಚುಕ್ಕೆಯನ್ನು ಬಹುಕಾಲ ಜನ ಒಂಟಿ ನಕ್ಷತ್ರ ಎಂದೇ ತಿಳಿದಿದ್ದರು. 1603ರಲ್ಲಿ ಬೇಯರ್ ತನ್ನ ನಕಾಶೆಯಲ್ಲಿ ಅದಕ್ಕೆ ನಕ್ಷತ್ರದ ಹೆಸರನ್ನೇ ಇಟ್ಟ, ಆ ಒಮೆಗಾ ಇವತ್ತಿಗೂ ಉಳಿದಿದೆ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿ ಇದು ನಕ್ಷತ್ರವಲ್ಲ, ಮಸುಕು ಮಚ್ಚೆ ಎಂದು ಗುರುತಿಸಿದ. ಇದು ಗೋಳಗುಚ್ಛ, ಅಂದರೆ ಚೆಂಡಿನ ಹಾಗೆ ಒತ್ತೊತ್ತಾಗಿ ಸೇರಿದ ನಕ್ಷತ್ರಗಳ ಗುಂಪು ಎಂದು ಸರಿಯಾಗಿ ಕಂಡವನು ಜಾನ್ ಹರ್ಷೆಲ್, 1830ರ ದಶಕದಲ್ಲಿ.

ಗೋಳಗುಚ್ಛ ಎಂದ ಕೂಡಲೇ ಒಂದು ತೀರ್ಮಾನ ತಾನಾಗಿ ಬಂದುಬಿಡುತ್ತಿತ್ತು. ಒಂದು ದೊಡ್ಡ ಅನಿಲದ ಮೋಡ ಕುಸಿಯಿತು, ಎಲ್ಲ ನಕ್ಷತ್ರಗಳೂ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದವು. ಒಂದೇ ವಯಸ್ಸು, ಒಂದೇ ಮಣ್ಣು. ಒಂದೇ ವಾರದಲ್ಲಿ ನೆಟ್ಟ 62175 ಕಬ್ಬಿನ ತಳಿಯ ಗದ್ದೆ ಇದ್ದ ಹಾಗೆ.

ಹೆಚ್ಚಿನ ಗೋಳಗುಚ್ಛಗಳ ಕಬ್ಬಿಣದ ಲೆಕ್ಕ ಇದಕ್ಕೆ ಹೊಂದುತ್ತದೆ. ನಕ್ಷತ್ರದ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಬಣ್ಣದ ಪಟ್ಟಿಯಾಗಿ ಬಿಡಿಸಿದರೆ ಅದರಲ್ಲಿ ಕಪ್ಪು ಗೆರೆಗಳಿರುತ್ತವೆ. ಒಂದೊಂದು ಗೆರೆ ಒಂದೊಂದು ಧಾತುವಿನ ರುಜು. ಕಬ್ಬಿಣದ ಗೆರೆಗಳ ದಪ್ಪ ಅಳೆದು ಕಬ್ಬಿಣ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಸೂರ್ಯನಲ್ಲಿ ಸುಮಾರು 31,000 ಹೈಡ್ರೋಜನ್ ಪರಮಾಣುಗಳಿಗೆ ಒಂದು ಕಬ್ಬಿಣದ ಪರಮಾಣು ಇದೆ. ಸಾಮಾನ್ಯ ಗೋಳಗುಚ್ಛದಲ್ಲಿ ಈ ಪ್ರಮಾಣ ನಕ್ಷತ್ರದಿಂದ ನಕ್ಷತ್ರಕ್ಕೆ ಹತ್ತು ಪರ್ಸೆಂಟ್ ಆಸುಪಾಸಿನಲ್ಲಷ್ಟೇ ಏರುಪೇರಾಗುತ್ತದೆ.

ಒಮೆಗಾ ಸೆಂಟಾರಿಯಲ್ಲಿ ಹಾಗಿಲ್ಲ. ಅಲ್ಲಿನ ಬಡ ನಕ್ಷತ್ರದಲ್ಲಿ ಸೂರ್ಯನ ನೂರನೇ ಒಂದು ಪಾಲು ಕಬ್ಬಿಣ. ಸಿರಿವಂತ ನಕ್ಷತ್ರದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು. ಒಂದೇ ಗದ್ದೆಯಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ!

ಇದು ಗೊತ್ತಾದದ್ದು ನಿಧಾನವಾಗಿ. 1960ರ ದಶಕದಲ್ಲೇ ಈ ಗುಚ್ಛದ ಬಣ್ಣ-ಹೊಳಪಿನ ನಕಾಶೆಯಲ್ಲಿ ಕೆಂಪು ದೈತ್ಯಗಳ (ವಯಸ್ಸಾಗಿ ಉಬ್ಬಿದ ನಕ್ಷತ್ರಗಳ) ಸಾಲು ಇರಬೇಕಾದುದಕ್ಕಿಂತ ಅಗಲವಾಗಿ ಕಂಡಿತ್ತು. ಅಳತೆಯ ತಪ್ಪಿನಿಂದಲೂ ಸಾಲು ಹೀಗೆ ಹರಡಬಹುದು, ಹಾಗಾಗಿ ಮತ್ತೆ ಅಳೆಯಬೇಕಾಯಿತು. 1973ರಲ್ಲಿ ಕ್ಯಾನನ್ ಮತ್ತು ಸ್ಟೋಬಿ ಅಳೆದರು, ಅಗಲ ನಿಜವೇ ಎಂದು ಗಟ್ಟಿಯಾಯಿತು. 1975ರಲ್ಲಿ ಫ್ರೀಮನ್ ಮತ್ತು ರಾಜರ್ಸ್ ಅಲ್ಲಿನ 25 ಮಿಡಿಯುವ ನಕ್ಷತ್ರಗಳ ಕ್ಯಾಲ್ಸಿಯಂ ಅಳೆದು, ಒಂದೊಂದರಲ್ಲಿ ಒಂದೊಂದು ಪ್ರಮಾಣ ಇರುವುದನ್ನು ತೋರಿಸಿದರು. ಗೆರೆ ದಪ್ಪಗಿದ್ದರೆ ಕೈ ನಡುಗಿತು ಎಂದು ಒರೆಸಿಹಾಕುವ ಅಭ್ಯಾಸ ನಮ್ಮ ಪ್ರಯೋಗಾಲಯಗಳಲ್ಲೂ ಇದೆ. ಅದಕ್ಕೇ ಈ ಭಾಗವನ್ನು ಮಕ್ಕಳಿಗೆ ಎರಡು ಸಲ ಹೇಳಿದೆ.

ಮಣ್ಣು ಹೇಳುವ ಕಾಲ

ಕಬ್ಬಿಣ ಜಾಸ್ತಿ ಇದ್ದರೆ ಏನರ್ಥ? ಬಿಗ್ ಬ್ಯಾಂಗ್ ಕೊಟ್ಟದ್ದು ಹೈಡ್ರೋಜನ್, ಹೀಲಿಯಂ, ಒಂದು ಚೂರು ಲಿಥಿಯಂ. ಕಬ್ಬಿಣವೆಲ್ಲ ಆಮೇಲೆ ನಕ್ಷತ್ರಗಳಲ್ಲಿ ಬೆಂದು, ಅವು ಸತ್ತಾಗ ಹೊರಗೆ ಬಿದ್ದದ್ದು. ಒಂದು ಬೆಳೆ ಸತ್ತು ಮಣ್ಣು ಸೇರಿದರೆ ಮುಂದಿನ ಬೆಳೆ ಆ ಮಣ್ಣಿನಿಂದ ಏಳುತ್ತದೆ. ಹಾಗಾಗಿ ಒಂದೇ ಗುಚ್ಛದಲ್ಲಿ ಕಬ್ಬಿಣ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಬೆಳೆ ಬಂದಿದೆ. ಯಜಮಾನರ ಮಾತಿನಲ್ಲಿ, ಕೂಳೆ ಇದೆ.

ಆದರೆ ಯಾವ ಧಾತು ಯಾವ ಸಾವಿನಿಂದ ಬಂತು ಎಂಬುದು ಇನ್ನೂ ಜಾಸ್ತಿ ಹೇಳುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರ ಎರಡು ಮೂರು ಕೋಟಿ ವರ್ಷದಲ್ಲಿ ಮುಗಿದುಹೋಗುತ್ತದೆ. ಸಿಡಿದಾಗ ಅದು ಹೆಚ್ಚಾಗಿ ಚೆಲ್ಲುವುದು ಆಮ್ಲಜನಕ, ಮೆಗ್ನೀಸಿಯಂ, ಸಿಲಿಕಾನ್. ಇದು ಬೇಗ ಓಡುವ ಗಡಿಯಾರ. ನಕ್ಷತ್ರ ಹೀಗೆ ಸಿಡಿಯುವುದೇ ಸೂಪರ್‌ನೋವಾ. ಇನ್ನೊಂದು ಜಾತಿಯ ಸೂಪರ್‌ನೋವಾ ಶ್ವೇತಕುಬ್ಜ (ಉರಿದು ಮುಗಿದ ನಕ್ಷತ್ರದ ಉಳಿದ ದಟ್ಟ ತಿರುಳು) ಸಿಡಿದು ಆಗುವಂಥದ್ದು, ಅದು ಕಬ್ಬಿಣವನ್ನು ರಾಶಿ ರಾಶಿ ಚೆಲ್ಲುತ್ತದೆ. ಶ್ವೇತಕುಬ್ಜ ಆಗಬೇಕಾದರೆ ಮೊದಲು ಒಂದು ಮಧ್ಯಮ ತೂಕದ ನಕ್ಷತ್ರ ಬಾಳಿ ಮುಗಿಯಬೇಕು. ಹಾಗಾಗಿ ಇದು ಹತ್ತಾರು ಕೋಟಿ ವರ್ಷದಿಂದ ಹಿಡಿದು ನೂರಾರು ಕೋಟಿ ವರ್ಷ ತಡ. ಮೂರನೆಯದು ಸಿಡಿಯದೇ ಸಾಯುವ ಮಧ್ಯಮ ನಕ್ಷತ್ರಗಳು. ಕೊನೆಗಾಲದಲ್ಲಿ ಉಬ್ಬಿ, ಬೇರಿಯಂ, ಲ್ಯಾಂಥನಂನಂಥ ಭಾರದ ಧಾತುಗಳನ್ನು ಗಾಳಿಯ ಹಾಗೆ ಮೆಲ್ಲಗೆ ಊದಿಬಿಡುತ್ತವೆ. ಇದೂ ತಡದ ಗಡಿಯಾರವೇ.

ಈಗ ಒಮೆಗಾ ಸೆಂಟಾರಿಯ ಮಣ್ಣಿನ ಪರೀಕ್ಷೆ. 1995ರಲ್ಲಿ ನಾರಿಸ್ ಮತ್ತು ಡಾ ಕೋಸ್ಟಾ 40 ಕೆಂಪು ದೈತ್ಯಗಳ ರೋಹಿತ ಬಿಡಿಸಿದರು. 2010ರಲ್ಲಿ ಜಾನ್ಸನ್ ಮತ್ತು ಪಿಲಚೌಸ್ಕಿ 855 ದೈತ್ಯಗಳನ್ನು ಅಳೆದರು. ಎರಡೂ ಸಲ ಬಂದ ಚಿತ್ರ ಒಂದೇ. ಕಬ್ಬಿಣ ಏರಿದ ಹಾಗೆ ಬೇರಿಯಂ-ಲ್ಯಾಂಥನಂ ಗುಂಪು ಅದಕ್ಕಿಂತ ಜೋರಾಗಿ ಏರಿದೆ. ಅಂದರೆ ಮಧ್ಯಮ ನಕ್ಷತ್ರಗಳು ಸಾಯುವಷ್ಟು ಕಾಲ ಇಲ್ಲಿ ಹೊಸ ಹುಟ್ಟು ನಿಂತಿರಲಿಲ್ಲ. ಆದರೆ ಕಬ್ಬಿಣದ ಜೊತೆ ಹೋಲಿಸಿದಾಗ ಮೆಗ್ನೀಸಿಯಂ, ಸಿಲಿಕಾನ್ ಗುಂಪು ಹೆಚ್ಚುಕಡಿಮೆ ಎತ್ತರದಲ್ಲೇ ಇದೆ. ಶ್ವೇತಕುಬ್ಜಗಳು ಕಬ್ಬಿಣ ಸುರಿದಿದ್ದರೆ ಅದು ಇಳಿಯಬೇಕಿತ್ತಲ್ವಾ?

ಒಂದು ಗಡಿಯಾರ ಬಹಳ ಕಾಲ ಹೋಯಿತು ಎನ್ನುತ್ತದೆ, ಇನ್ನೊಂದು ಅಷ್ಟು ಹೋಗಿಲ್ಲ ಎನ್ನುತ್ತದೆ. ಈ ಜಗಳ ಇನ್ನೂ ಪೂರ್ತಿ ಬಗೆಹರಿದಿಲ್ಲ. ವಿದ್ಯಾರ್ಥಿಗಳು ಯಾವುದಾದರೂ ಒಂದನ್ನು ಸರಿ ಎಂದು ಬರೆದುಕೊಳ್ಳಲು ಕಾಯುತ್ತಿದ್ದರು. ಎರಡನ್ನೂ ಬರೆದುಕೊಳ್ಳಿ ಎಂದೆ.

ಇನ್ನೊಂದು ವಿಷಯ. ಸೂಪರ್‌ನೋವಾದ ಹೊಟ್ಟೆಯಿಂದ ಬಂದದ್ದು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಸಣ್ಣ ಗುಚ್ಛಕ್ಕೆ ಅದನ್ನು ಹಿಡಿದಿಡುವ ಶಕ್ತಿ ಇಲ್ಲ, ಕಬ್ಬಿಣವೆಲ್ಲ ಊರಾಚೆ ಹೋಗಿಬಿಡುತ್ತದೆ. ಹಿಡಿದು, ಆರಿಸಿ, ಮತ್ತೆ ನಕ್ಷತ್ರ ಮಾಡಬೇಕಾದರೆ ಸುತ್ತ ದೊಡ್ಡ ತೂಕ ಬೇಕು. ಅಂಥ ತೂಕ ಇರುವುದು ಗ್ಯಾಲಕ್ಸಿಗೆ. ಹಾಗಾದರೆ ಈ ಗುಚ್ಛ ಮೊದಲು ಯಾವುದೋ ಗ್ಯಾಲಕ್ಸಿಯ ನಡುವೆ ಇತ್ತೇ? ಅನುಮಾನ ಗಟ್ಟಿಯಾಗಿ ಎದ್ದದ್ದು ಇಲ್ಲಿ.

ಎತ್ತರ ನೋಡಿ ವಯಸ್ಸು ಹೇಳಬಾರದು

ಗುಚ್ಛದ ವಯಸ್ಸು ಹೇಳುವ ಹಳೆಯ ವಿಧಾನ ಸರಳ. ಭಾರದ ನಕ್ಷತ್ರ ಬೇಗ ಉರಿದು ದೈತ್ಯವಾಗುತ್ತದೆ, ಹಗುರದ್ದು ನಿಧಾನ. ಸೂರ್ಯನಂಥದ್ದು ಸುಮಾರು 1,000 ಕೋಟಿ ವರ್ಷ ಹಾಗೇ ಉರಿಯುತ್ತದೆ. ಗುಚ್ಛದ ನಕ್ಷತ್ರಗಳನ್ನೆಲ್ಲ ಬಣ್ಣ ಒಂದು ಕಡೆ, ಹೊಳಪು ಒಂದು ಕಡೆ ಇಟ್ಟು ನಕಾಶೆ ಬರೆದರೆ, ಇನ್ನೂ ದೈತ್ಯವಾಗದ ನಕ್ಷತ್ರಗಳ ಮುಖ್ಯ ಸಾಲು ಒಂದು ಜಾಗದಲ್ಲಿ ಬಲಕ್ಕೆ ಬಾಗುತ್ತದೆ. ಆ ತಿರುವಿನಲ್ಲಿ ಈಗ ಯಾವ ತೂಕದ ನಕ್ಷತ್ರ ಇದೆಯೋ, ಅದರ ಆಯಸ್ಸೇ ಗುಚ್ಛದ ವಯಸ್ಸು.

ಇದನ್ನು ಹೇಳಿದಾಗ ಯಜಮಾನರು ಟಾರ್ಚ್ ಹಾಕಿ ಬದುವಿನ ಪಕ್ಕದ ಎರಡು ಕಬ್ಬು ತೋರಿಸಿದರು. ಒಂದು ನನ್ನ ಭುಜಕ್ಕೆ ಬರುತ್ತಿತ್ತು, ಇನ್ನೊಂದು ತಲೆಗಿಂತ ಮೇಲೆ. "ಎರಡೂ ಒಂದೇ ದಿನ ನೆಟ್ಟಿದ್ದು. ಆ ಕಡೆ ಕೊಟ್ಟಿಗೆ ಗೊಬ್ಬರದ ಗುಡ್ಡೆ ಇತ್ತು. ಎತ್ತರ ನೋಡಿ ವಯಸ್ಸು ಹೇಳ್ಬಾರ್ದು." ನಾನು ಬಗ್ಗಿ ಎರಡರ ಗಿಣ್ಣುಗಳನ್ನೂ ನೋಡಿದೆ. ಗೊಬ್ಬರ ಉಂಡದ್ದರಲ್ಲಿ ಗಿಣ್ಣಿನಿಂದ ಗಿಣ್ಣಿಗೆ ಒಂದು ಗೇಣು, ಇನ್ನೊಂದರಲ್ಲಿ ನಾಲ್ಕು ಬೆರಳು.

ಒಮೆಗಾ ಸೆಂಟಾರಿಯಲ್ಲಿ ಆದದ್ದು ಅದೇ. 2004ರಲ್ಲಿ ಬೆಡಿನ್ ತಂಡ ಹಬಲ್ ದೂರದರ್ಶಕದ ಚಿತ್ರಗಳಿಂದ ಅಲ್ಲಿನ ಮುಖ್ಯ ಸಾಲು ಒಂದಲ್ಲ, ಎರಡಾಗಿ ಸೀಳಿದೆ ಎಂದು ತೋರಿಸಿತು. ಒಂದು ಕೆಂಪಗೆ, ಒಂದು ನೀಲಿ ಕಡೆಗೆ. ಲೋಹ (ಕಬ್ಬಿಣದಂಥ ಭಾರದ ಧಾತುಗಳು) ಜಾಸ್ತಿ ಇರುವ ನಕ್ಷತ್ರ ಕೆಂಪಗೆ ಕಾಣಬೇಕು, ಕಡಿಮೆ ಇರುವುದು ನೀಲಿ ಕಡೆ ಇರಬೇಕು. ಹಾಗಾಗಿ ನೀಲಿ ಸಾಲೇ ಬಡವರದ್ದು ಎಂದುಕೊಳ್ಳುವುದು ಸಹಜ. 2005ರಲ್ಲಿ ಪಿಯೊಟ್ಟೊ ತಂಡ ಚಿಲಿಯ ದೊಡ್ಡ ದೂರದರ್ಶಕದಲ್ಲಿ ಎರಡೂ ಸಾಲಿನ ನಕ್ಷತ್ರಗಳ ರೋಹಿತ ತೆಗೆಯಿತು. ಫಲಿತಾಂಶ ತಿರುಗುಮುರುಗು. ನೀಲಿ ಸಾಲಿನಲ್ಲೇ ಕಬ್ಬಿಣ ಸುಮಾರು ಎರಡು ಪಟ್ಟು.

ಇದಕ್ಕೆ ಹೊಂದುವ ವಿವರಣೆ ಒಂದೇ ಉಳಿಯಿತು, ಹೀಲಿಯಂ. ಬಿಗ್ ಬ್ಯಾಂಗಿನ ಅನಿಲದಲ್ಲಿ ತೂಕದಲ್ಲಿ ಸುಮಾರು 25 ಪರ್ಸೆಂಟ್ ಹೀಲಿಯಂ. ನೀಲಿ ಸಾಲಿನ ನಕ್ಷತ್ರಗಳಲ್ಲಿ ಅದು 40 ಪರ್ಸೆಂಟ್ ಹತ್ತಿರ ಇರಬೇಕು. ಹೀಲಿಯಂ ಜಾಸ್ತಿ ಇದ್ದರೆ ನಕ್ಷತ್ರ ಬಿಸಿಯಾಗಿ, ನೀಲಿಯಾಗಿ ಉರಿಯುತ್ತದೆ. ಬೇಗ ಮುಗಿಯುತ್ತದೆ ಕೂಡ. ಅಂದ ಮೇಲೆ ಹೀಲಿಯಂ ಲೆಕ್ಕ ಬಿಟ್ಟು ವಯಸ್ಸು ಹೇಳಿದರೆ ವಯಸ್ಸೇ ತಪ್ಪು. ಗೊಬ್ಬರ ಗೊತ್ತಿಲ್ಲದೆ ಎತ್ತರ ನೋಡಿದ ಹಾಗೆ.

ತೊಂದರೆ ಏನೆಂದರೆ ತಣ್ಣನೆಯ ದೈತ್ಯಗಳಲ್ಲಿ ಹೀಲಿಯಂ ತನ್ನ ಗೆರೆ ತೋರಿಸುವುದಿಲ್ಲ, ಅದಕ್ಕೆ ಬಹಳ ಶಾಖ ಬೇಕು. ಇಲ್ಲಿ ನಮ್ಮ ಕಡೆಯ ಕೆಲಸ ಬರುತ್ತದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಬಿ.ಪಿ. ಹೇಮಾ ಮತ್ತು ಗಜೇಂದ್ರ ಪಾಂಡೆ ಸುತ್ತುದಾರಿ ಹಿಡಿದರು. ದೈತ್ಯಗಳ ರೋಹಿತದಲ್ಲಿ ಮೆಗ್ನೀಸಿಯಂ ಒಂಟಿಯಾಗಿರುವ ಗೆರೆಯೂ ಇದೆ, ಅದು ಹೈಡ್ರೋಜನ್ ಜೊತೆ ಕೂಡಿದ ಪಟ್ಟಿಯೂ ಇದೆ. ಮೆಗ್ನೀಸಿಯಂ ಸಾಕಷ್ಟಿದ್ದೂ ಆ ಜೋಡಿಯ ಪಟ್ಟಿ ತೆಳ್ಳಗಿದ್ದರೆ ಹೈಡ್ರೋಜನ್ ಕಡಿಮೆ, ಅಂದರೆ ಹೀಲಿಯಂ ಜಾಸ್ತಿ. ತಮಿಳುನಾಡಿನ ಕಾವಲೂರಿನ ವೈನು ಬಾಪು ದೂರದರ್ಶಕದಿಂದ ಒಮೆಗಾ ಸೆಂಟಾರಿಯಲ್ಲಿ ಹೈಡ್ರೋಜನ್ ಕೊರತೆಯ ದೈತ್ಯಗಳನ್ನು ಅವರು 2014ರಲ್ಲಿ ಪ್ರಕಟಿಸಿದರು. 2020ರಲ್ಲಿ ಇನ್ನೂ ಸೂಕ್ಷ್ಮ ರೋಹಿತದಿಂದ ಹೀಲಿಯಂ ಹೆಚ್ಚಳವನ್ನೇ ಅಳೆದು ತೋರಿಸಿದರು. ಕಾವಲೂರು ಹೆಚ್ಚುಕಡಿಮೆ ನಮ್ಮ ಅಕ್ಷಾಂಶದಲ್ಲೇ ಇದೆ. ಅಲ್ಲಿಂದಲೂ ಈ ಗುಚ್ಛ ಮೂರು ಮುಷ್ಟಿ ಎತ್ತರಕ್ಕೇ ಏರುತ್ತದೆ. ಇದನ್ನು ಹೇಳಿದಾಗ ಬದುವಿನ ಮೇಲಿದ್ದ ಮಕ್ಕಳು ಮತ್ತೊಮ್ಮೆ ಕೈ ಚಾಚಿ ಮುಷ್ಟಿ ಎಣಿಸಿದರು.

ವಯಸ್ಸಿನ ಲೆಕ್ಕ ಈಗ ಎಲ್ಲಿದೆ? 2024ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಸುಮಾರು 8,000 ಉಪದೈತ್ಯಗಳ ವಯಸ್ಸನ್ನು, ಒಂದೊಂದರ ಲೋಹದ ಅಳತೆಯನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದ್ದಾರೆ. ಮುಖ್ಯ ಸಾಲು ಬಿಟ್ಟು ದೈತ್ಯವಾಗುವ ದಾರಿಯಲ್ಲಿರುವ ಈ ನಕ್ಷತ್ರಗಳಲ್ಲಿ ವಯಸ್ಸಿನ ಗುರುತು ಎಲ್ಲಕ್ಕಿಂತ ಸ್ಪಷ್ಟ. ಸರಾಸರಿ ಸುಮಾರು 1,200 ಕೋಟಿ ವರ್ಷ. ವಿಶ್ವದ ವಯಸ್ಸೇ 1,380 ಕೋಟಿ. ಎಲ್ಲವೂ ಒಟ್ಟಿಗೆ ಹುಟ್ಟಿಲ್ಲ, ವಯಸ್ಸು ಕೋಟಿಗಟ್ಟಲೆ ವರ್ಷ ಹರಡಿದೆ. ಲೋಹ ಏರಿದ ಹಾಗೆ ವಯಸ್ಸು ಇಳಿಯುವ ದಾರಿಯೂ ಒಂದಲ್ಲ, ಎರಡು. ಒಂದು ಬಿಗಿಯಾದ ಸಾಲು, ಇನ್ನೊಂದು ಚದುರಿದ ಸಾಲು. ಎರಡು ಬೇರೆ ಗದ್ದೆಯ ಬೆಳೆ ಒಂದೇ ಕಣಕ್ಕೆ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಹೀಲಿಯಂ ಲೆಕ್ಕ ಇನ್ನೂ ಬಿಗಿಯಾಗುವವರೆಗೆ ಇದನ್ನು ಪೆನ್ಸಿಲಿನಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆ ಊರು ಎಲ್ಲಿ ಹೋಯಿತು

ಉಳಿದ ಸಾಕ್ಷಿಗಳನ್ನು ಬೇಗ ಹೇಳುತ್ತೇನೆ. ಒಮೆಗಾ ಸೆಂಟಾರಿ ನಮ್ಮ ಆಕಾಶಗಂಗೆಯ ತಟ್ಟೆ ತಿರುಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಇಲ್ಲೇ ಹುಟ್ಟಿದ್ದಕ್ಕೆ ಅದು ಕಷ್ಟ. 2019ರಲ್ಲಿ ಇಬಾಟಾ ಮತ್ತು ಜೊತೆಗಾರರು, ನಕ್ಷತ್ರಗಳ ಜಾಗ ಮತ್ತು ಚಲನೆ ಅಳೆದ ಗಾಯಾ ಉಪಗ್ರಹದ ಮಾಹಿತಿಯಿಂದ, ಈ ಗುಚ್ಛದಿಂದ ಕಿತ್ತು ಬಂದ ನಕ್ಷತ್ರಗಳ ಉದ್ದನೆಯ ಬಾಲವನ್ನು ಗುರುತಿಸಿದರು. 2024ರಲ್ಲಿ ಇಪ್ಪತ್ತು ವರ್ಷಗಳ ಹಬಲ್ ಚಿತ್ರಗಳನ್ನು ಸೇರಿಸಿ ನೋಡಿದಾಗ, ನಡುವಿನಲ್ಲಿ ಏಳು ನಕ್ಷತ್ರಗಳು ಗುಚ್ಛ ಬಿಟ್ಟು ಹಾರಿಹೋಗಬೇಕಾದಷ್ಟು ವೇಗದಲ್ಲಿ ಓಡುತ್ತಿದ್ದವು. ಆದರೂ ಅಲ್ಲೇ ಇವೆ. ಅವನ್ನು ಹಿಡಿದಿಡಲು ಕನಿಷ್ಠ 8,200 ಸೂರ್ಯರ ತೂಕದ ಕಪ್ಪು ಕುಳಿ ಬೇಕು. ಗ್ಯಾಲಕ್ಸಿಯ ನಡುಮನೆಯಲ್ಲಿ ಇರುವಂಥ ವಸ್ತು ಅದು.

ಹಾಗಾದರೆ ಇದು ಆಕಾಶಗಂಗೆ ನುಂಗಿದ ಒಂದು ಸಣ್ಣ ಗ್ಯಾಲಕ್ಸಿಯ ಉಳಿದ ನಡುಭಾಗ. ಈ ಪ್ರಕರಣದಲ್ಲಿ ನನ್ನ ತೀರ್ಪು ಅದೇ, ಬಹಳಷ್ಟು ಖಗೋಳ ವಿಜ್ಞಾನಿಗಳ ತೀರ್ಪೂ ಅದೇ. ಯಾವ ಗ್ಯಾಲಕ್ಸಿ ಎಂಬುದರಲ್ಲಿ ಮಾತ್ರ ಒಮ್ಮತ ಇಲ್ಲ. 2018ರಲ್ಲಿ ಗಾಯಾದ ಮಾಹಿತಿಯಿಂದ, ಸುಮಾರು 1,000 ಕೋಟಿ ವರ್ಷದ ಹಿಂದೆ ಆಕಾಶಗಂಗೆ ನುಂಗಿದ ಒಂದು ಗ್ಯಾಲಕ್ಸಿ ಪತ್ತೆಯಾಯಿತು. ಅದಕ್ಕೆ ಗಾಯಾ-ಎನ್ಸೆಲಾಡಸ್ ಎಂದು ಹೆಸರಿಟ್ಟರು. ಕೆಲವರು ಒಮೆಗಾ ಸೆಂಟಾರಿ ಅದರದ್ದು ಎನ್ನುತ್ತಾರೆ. ಇನ್ನು ಕೆಲವರು ಹಿಮ್ಮುಖವಾಗಿ ಸುತ್ತುವ ಸೆಕ್ವೊಯಾ ಎಂಬ ಬೇರೆ ಗುಂಪಿಗೆ ಸೇರಿಸುತ್ತಾರೆ.

ರಾತ್ರಿ ಎರಡೂವರೆ ಆಗಿತ್ತು. ಮೂರು ಜನ ಪಂಪ್‌ಹೌಸಿನ ಜಗಲಿ ಮೇಲೆ ಮಲಗಿಬಿಟ್ಟಿದ್ದರು. ಯಜಮಾನರು ಮಾತ್ರ ಎದ್ದೇ ಇದ್ದರು. "ನುಂಗಿದ್ದು ಅಂತೀರಿ. ನುಂಗೋದನ್ನ ಯಾರಾದ್ರೂ ನೋಡಿದಾರಾ?"

ನೋಡಬಹುದು ಎಂದು ಟೆಲಿಸ್ಕೋಪನ್ನು ಆಗ್ನೇಯಕ್ಕೆ ತಿರುಗಿಸಿದೆ. ಧನು ರಾಶಿ ಆಗಲೇ ಸಾಕಷ್ಟು ಮೇಲೆ ಬಂದಿತ್ತು. ಉತ್ತರಾಷಾಢದ ನಕ್ಷತ್ರಗಳ ಪಕ್ಕದಲ್ಲಿ ಎಂ54 ಎಂಬ ಗುಚ್ಛ ಇದೆ. 1778ರಲ್ಲಿ ಮೆಸಿಯೆ ಕಂಡದ್ದು. ಎರಡು ಶತಮಾನ ಇದನ್ನೂ ಸಾಮಾನ್ಯ ಗೋಳಗುಚ್ಛ ಎಂದೇ ಎಣಿಸಿದ್ದರು. 1994ರಲ್ಲಿ ಇಬಾಟಾ, ಗಿಲ್ಮೋರ್ ಮತ್ತು ಇರ್ವಿನ್ ಆ ದಿಕ್ಕಿನಲ್ಲಿ ಆಕಾಶಗಂಗೆಯ ಆಚೆ ಬದಿಯಲ್ಲಿ ಅಡಗಿದ್ದ ಧನು ಕುಬ್ಜ ಗ್ಯಾಲಕ್ಸಿಯನ್ನು ಕಂಡುಹಿಡಿದಾಗ, ಎಂ54 ಅದರ ನಟ್ಟನಡುವೆ ಕೂತಿತ್ತು. ಆ ಗ್ಯಾಲಕ್ಸಿಯನ್ನು ಆಕಾಶಗಂಗೆ ಈಗ ಎಳೆದು ಎಳೆದು ದಾರದ ಹಾಗೆ ಮಾಡುತ್ತಿದೆ. ಅದರ ನಕ್ಷತ್ರಗಳ ಎಳೆ ಆಕಾಶದ ಸುತ್ತ ಹಬ್ಬಿದೆ. ಎಂ54ರಲ್ಲೂ ಹಳೆಯ, ಕಬ್ಬಿಣ ಕಡಿಮೆ ಇರುವ ನಕ್ಷತ್ರಗಳಿವೆ, ಅದೇ ಜಾಗದಲ್ಲಿ ಎಳೆಯ, ಕಬ್ಬಿಣ ಜಾಸ್ತಿ ಇರುವವೂ ಇವೆ.

ಅವರು ಕಣ್ಣಿಟ್ಟರು. ಸುಮಾರು 85,000 ಜ್ಯೋತಿರ್ವರ್ಷ ದೂರದ್ದು, ಹಾಗಾಗಿ ಒಮೆಗಾ ಸೆಂಟಾರಿಯ ವೈಭವ ಇಲ್ಲ. ಅಂಚು ಒಡೆಯದ ಒಂದು ಸಣ್ಣ ಮಸುಕು ಗುಂಡು, ನಡುವೆ ಸ್ವಲ್ಪ ಹೊಳಪು. ಅದರ ಸುತ್ತಲಿನ ಗ್ಯಾಲಕ್ಸಿ ನಮ್ಮ ಎಂಟಿಂಚಿಗೆ ಕಾಣುವುದೇ ಇಲ್ಲ.

"ಕೂಳೆ ಇದೆ, ಗದ್ದೆ ಕಾಣಲ್ಲ" ಎಂದರು ಅವರು, ಮತ್ತೆ ಮಗಳನ್ನು ಎಬ್ಬಿಸಲು ಹೋದರು. ಅವಳು ಕಣ್ಣುಜ್ಜುತ್ತಾ ಬಂದು ನೋಡಿ, ನೋಟ್‌ಬುಕ್ ತೆಗೆದು ಎರಡು ವೃತ್ತ ಪಕ್ಕಪಕ್ಕದಲ್ಲಿ ಬರೆದಳು. ಒಂದರ ಸುತ್ತ ಚುಕ್ಕೆ ಚುಕ್ಕೆಯಾಗಿ ದೊಡ್ಡ ಗೆರೆ ಹಾಕಿದಳು. ಇನ್ನೊಂದರ ಸುತ್ತ ಏನೂ ಹಾಕದೆ, "ಇಲ್ಲಿ ಎಷ್ಟು ದೊಡ್ಡದು ಇತ್ತು ಸರ್?" ಎಂದು ಕೇಳಿದಳು. ಜೂನ್ ಮಳೆ ಹಿಡಿಯುವ ಮುಂಚೆ ಒಂದು ವಾರ ಉಳಿದಿತ್ತು. ಆ ವಾರ ಪೂರ್ತಿ ನಾವು ಕೂತು ಲೆಕ್ಕ ಹಾಕಿದ್ದು ಅದನ್ನೇ.